ಮೂರು ವೃತ್ತಗಳ ಬಳ್ಳಿಗೆ ಒಂದು ವೃತ್ತದವನ ಮನವಿ

ಗೋಡೆ, ಕಿಟಕಿ, ಸೈಕಲ್ ಸ್ಟ್ಯಾಂಡು ಮತ್ತು ನನ್ನ ಪಿಎಚ್.ಡಿ. ಪ್ರಬಂಧವನ್ನು ಏಕಕಾಲಕ್ಕೆ ಆಕ್ರಮಿಸಿರುವ ಶ್ರೀಮದ್ ಬಳ್ಳಿ ಮಹಾಶಯರ ಬೇರುಗಳಿಗೆ ನಮಸ್ಕರಿಸಿ,

ಮಾನ್ಯರೇ,

ಯಾರದೋ ಹೂಕುಂಡದಲ್ಲಿ ಅತಿಥಿಯಾಗಿ ಪರದೇಶದಿಂದ ಬಂದಿಳಿದು, ಕಂಡಕಂಡ ಬೇಲಿಯನ್ನೆಲ್ಲ ಸ್ವಂತ ಮಾಡಿಕೊಂಡ ತಮ್ಮ ಪರಾಕ್ರಮಕ್ಕೆ ಮೊದಲು ಭೋ ಪರಾಕ್.

ತಮ್ಮ ಜೀವಕೋಶಗಳಿಗೆ ಶಕ್ತಿ ಬೇಯಿಸಿ ಬಡಿಸುವ ಮೈಟೊಕಾಂಡ್ರಿಯಾ ಎಂಬ ಅಡುಗೆಮನೆಯ ವಂಶವಾಹಿಗಳ ನಕ್ಷೆ ಬರೆಯಲು ನಾನು ಆರು ವರ್ಷ ಸವೆಸಿದ್ದೇನೆ. ಪಠ್ಯಪುಸ್ತಕದ ಪ್ರಕಾರ ಅವೆಲ್ಲ ಒಂದೇ ಬಳೆಯಂತೆ ದುಂಡಗೆ ಕೂಡಿಕೊಂಡಿರಬೇಕು. "ಒಂದು ವೃತ್ತ ಬರ್ಕೊಂಡು ಬಾರಯ್ಯ, ಸಾಕು" ಎಂದಿದ್ದರು ನನ್ನ ಗುರುಗಳು. ತಾವೋ ಅದನ್ನು ಮುರಿದು ಮೂರು ವೃತ್ತ ಕಟ್ಟಿಕೊಂಡು, ಪಕ್ಕದ ಗಿಡದ ಒಂದು ವಂಶವಾಹಿಯನ್ನೂ ಎರವಲು ತಂದ ಪಾತ್ರೆಯಂತೆ ಹಿಂದಿರುಗಿಸದೆ ಒಳಗಿಟ್ಟುಕೊಂಡಿದ್ದೀರಿ. ಇದೆಲ್ಲ ತಾಯಿಯ ಕಡೆಯಿಂದ ಬರುವ ಆಸ್ತಿ ಎಂದು ವಿವರಿಸಿದಾಗ ನನ್ನ ಅಕ್ಕ, "ಅಮ್ಮನ ಸೀರೆಗೆ ನಾವೂ ಇಷ್ಟು ಕಿತ್ತಾಡ್ಲಿಲ್ವಲ್ಲೋ" ಎಂದು ನಿಟ್ಟುಸಿರಿಟ್ಟಳು.

ನಾಳೆ ಪರೀಕ್ಷಕರು ಬರುತ್ತಾರೆ. ಒಂದು ಸುಳ್ಳು ವೃತ್ತ ಬರೆದು ಗುರುಗಳನ್ನು ಮೆಚ್ಚಿಸಲೇ, ಮೂರು ನಿಜ ಬರೆದು ಸಿಕ್ಕಿಬೀಳಲೇ ಎಂಬುದೇ ತೀರದಿರುವಾಗ, ಪರೀಕ್ಷೆಯ ಕೊಠಡಿಯ ಬಾಗಿಲನ್ನೂ ತಾವು ತಬ್ಬಿಕೊಂಡಿದ್ದೀರಿ. ಕತ್ತರಿಸಪ್ಪಾ ಎಂದು ಮಾಲಿಯನ್ನು ಅಂಗಲಾಚಿದರೆ, ಆತ ತಮ್ಮ ಕೊರಳಿಗೆ ಕಟ್ಟಿದ್ದ ಚೀಟಿಯನ್ನು ಎತ್ತಿ ತೋರಿಸಿದ. ಅದರಲ್ಲಿ, "ಸಂಶೋಧನೆಯ ಮಾದರಿ. ಕತ್ತರಿಸಬಾರದು. ದಿನವೂ ನೀರು ಹಾಕಿ." ಅಕ್ಷರ ನನ್ನದೇ.

"ನೀವೇ ಬರ್ದಿದ್ದು ಸಾರ್. ಆರು ವರ್ಷದಲ್ಲಿ ಒಂದಿನಾನೂ ತಪ್ಪಿಸಿಲ್ಲ" ಎಂದ, ಎದೆಯುಬ್ಬಿಸಿ.

ಆದಕಾರಣ, ನಾಳೆ ಹತ್ತು ಗಂಟೆಯೊಳಗೆ ಮೂರೂ ವೃತ್ತಗಳನ್ನು ದಯವಿಟ್ಟು ಒಂದಾಗಿಸಿಕೊಳ್ಳತಕ್ಕದ್ದು; ಎರವಲು ವಂಶವಾಹಿಯನ್ನು ಕ್ಷಮಾಪಣೆಯೊಂದಿಗೆ ನೆರೆಯವರಿಗೆ ಒಪ್ಪಿಸತಕ್ಕದ್ದು; ಇವೆರಡೂ ಆಗದಿದ್ದಲ್ಲಿ ಪರೀಕ್ಷಕರ ಪ್ರಶ್ನೆಗಳಿಗೆ ಖುದ್ದಾಗಿ ಉತ್ತರಿಸತಕ್ಕದ್ದು. ಕಿಟಕಿಯಿಂದ ಬಂದು ಒಂದು ಕುರ್ಚಿಯನ್ನು ತಾವು ಹೇಗೂ ಹಿಡಿದಿಟ್ಟಿದ್ದೀರಿ.

ಕತ್ತರಿ ಕೈಗೆ ಬರುವವರೆಗೆ
ತಮ್ಮ ವಿಶ್ವಾಸಿ,
ತಮ್ಮಿಂದಲೇ ಇನ್ನೂ ಡಾಕ್ಟರ್ ಆಗದವನು

ತಾ.ಕ.: ಚೀಟಿ ಬಿಚ್ಚಲೆಂದು ಈಗಷ್ಟೇ ಬಂದಿದ್ದೆ. ತಾವು ಅದನ್ನು ಸರಿಯಾಗಿ ಮೂರು ಸುತ್ತು ಸುತ್ತಿಕೊಂಡು ಹಠ ಹಿಡಿದಿರುವುದು ಕಂಡಿತು. ಆಗಲಿ, ನಕ್ಷೆಯಲ್ಲಿ ಮೂರನ್ನೇ ಬರೆದಿದ್ದೇನೆ. ನಾಳೆ ಪಾಸಾದರೆ ಚೀಟಿ ಹಾಗೆಯೇ ಇರಲಿ. ಫೇಲಾದರೆ, ಅದರ ಹಿಂಬದಿ ಖಾಲಿಯಿದೆ. ಮಾಲಿ ನನ್ನ ಕೈಬರಹವನ್ನು ಎಂದೂ ಮೀರಿದವನಲ್ಲ.