ಟರ್ಮಿನಲ್ ಅಡಾಪ್ಟರ್ ಮತ್ತು ತಾತ್ಕಾಲಿಕ ವಧು

ಚಾಮರಾಜಪೇಟೆಯ ನಮ್ಮ ಕಲ್ಯಾಣಭವನ ಮಂಜೂರಾತಿ ಮಂಡಳಿಯು ವಧುವಿಲ್ಲದ ಮದುವೆಗೆ ಅನುಮತಿ ನೀಡಿದ್ದು ನಿಜ. ಜನ ಆಡಿಕೊಳ್ಳುವ ಹಾಗೆ ಅದರಲ್ಲಿ ಅವ್ಯವಹಾರವೇನೂ ಇಲ್ಲ. ನಾನು ಇದೇ ಮಂಡಳಿಯ ಗುಮಾಸ್ತ; ಎಲ್ಲವೂ ನನ್ನ ಕಣ್ಣೆದುರಿಗೇ ನಿಯಮಬದ್ಧವಾಗಿ ನಡೆಯಿತು.

ನಮ್ಮ ಕಂಪ್ಯೂಟರಿಗೂ ಕುಮಾರ ಪಾರ್ಕಿನ ಮುಖ್ಯ ಕಚೇರಿಗೆ ಹೋಗುವ ಫೋನ್ ಲೈನಿಗೂ ನಡುವೆ ಒಂದು ಟರ್ಮಿನಲ್ ಅಡಾಪ್ಟರ್ ಇದೆ. ನಾವು ಡಬ್ಬ ಅಂತೀವಿ. ಅರ್ಜಿಗಳನ್ನು ಆ ಕಡೆಗೆ ದಾಟಿಸುವುದು ಅದರ ಕೆಲಸ. ವಾಟ್ಸಾಪ್‌ನಲ್ಲೇ ಕಳಿಸಬಹುದಲ್ಲ ಎನ್ನುವ ಅಧಿಕಪ್ರಸಂಗಿಗಳಿಗೆ ಉತ್ತರಿಸುವ ಹುದ್ದೆ ನಮ್ಮಲ್ಲಿ ಮಂಜೂರಾಗಿಲ್ಲ. ಕಂಪ್ಯೂಟರ್ ಅವಸರದ್ದು, ಡಬ್ಬ ನಿಧಾನದ್ದು. ವಸಿಷ್ಠ ಮತ್ತು ಆರಾಧನಾ ಅವರ ಮದುವೆಯ ಅರ್ಜಿ ಕಳಿಸಿದಾಗ ವರ ದಾಟಿದ. ವಧು ಬರುವಷ್ಟರಲ್ಲಿ ಡಬ್ಬ ತುಂಬಿ ಮಿಕ್ಕಿದ್ದೆಲ್ಲ ಕಳೆದುಹೋಯಿತು. ಮುಖ್ಯ ಕಚೇರಿ ಬಂದಷ್ಟಕ್ಕೆ ಖಾಯಂ ಮಂಜೂರಾತಿ ಕೊಟ್ಟಿತು.

“ಏನ್ರೀ ಇದು? ನನ್ನ ಮಗಳೆಲ್ಲಿ?” ಎಂದು ಆರಾಧನಾಳ ತಾಯಿ ಆಂಡಾಳಮ್ಮ ಮೇಜು ಕುಟ್ಟಿದರು.

ನಮ್ಮ ಕಾರ್ಯದರ್ಶಿ ಶ್ರೀಧರ್ ತಾಳ್ಮೆಯ ಮನುಷ್ಯ. “ಈ ಕಾಲದಲ್ಲಿ ವರ ಸಿಕ್ಕೋದೇ ಕಷ್ಟ ಕಣಮ್ಮಾ. ಅವನೇ ಮಂಜೂರಾಗಿದಾನೆ, ಇನ್ನೇನ್ ಬೇಕು?” ಎಂದರು.

ಆರಾಧನಾ ಅಳುತ್ತಿದ್ದಳು. ಮುಹೂರ್ತ ಹತ್ತಿರ ಬಂದಿತ್ತು, ಗಾಂಧಿ ಬಜಾರಿನಲ್ಲಿ ಹೂವಿಗೂ ಹೇಳಿಯಾಗಿತ್ತು. ನನಗೆ ಅಯ್ಯೋ ಪಾಪ ಅನ್ನಿಸಿತು. ಕಚೇರಿ ವೇಳೆಯಾದ್ದರಿಂದ ತೋರಿಸಿಕೊಳ್ಳಲಿಲ್ಲ.

ಡಬ್ಬ ನೋಡಲು ಇಂಜಿನಿಯರ್ ಹರ್ಷಿತಾ ಬಂದಳು. “ಸರ್, ಫ್ಲೋ ಕಂಟ್ರೋಲ್ ಆಫ್ ಆಗಿದೆ. ಆನ್ ಮಾಡಿದ್ರೆ, ತುಂಬಿದ ತಕ್ಷಣ ಡಬ್ಬ ಕಂಪ್ಯೂಟರಿಗೆ ‘ತಡಿ’ ಅನ್ನುತ್ತೆ. ಖಾಲಿಯಾದ್ಮೇಲೆ ‘ಕಳಿಸು’ ಅನ್ನುತ್ತೆ. ಅದನ್ನ ಪ್ರೊಫೈಲ್‌ನಲ್ಲಿ ಸೇವ್ ಮಾಡಿಬಿಟ್ರೆ ಕರೆಂಟ್ ಹೋದ್ರೂ ಮರೆಯಲ್ಲ.”

ಶ್ರೀಧರ್ ಹೌಹಾರಿದರು. “ಕಂಪ್ಯೂಟರ್ ಇರೋದು ನನ್ನ ಮೇಜಿನ ಮೇಲೆ. ಡಬ್ಬ ಇರೋದು ಜವಾನ ಮರಿಯಣ್ಣನ ಸ್ಟೂಲಿನ ಕೆಳಗೆ. ಕೆಳಗಿರೋದು ಮೇಲಿರೋದಕ್ಕೆ ‘ತಡಿ’ ಅನ್ನೋದುಂಟಾ?”

“ನಾನಂತೂ ಸರ್ವೀಸಲ್ಲಿ ಒಂದ್ಸಲನೂ ಅಂದಿಲ್ಲ ಸಾರ್,” ಎಂದ ಮರಿಯಣ್ಣ.

ಶ್ರೀಧರ್ ಆಟೋ ಹಿಡಿದು ಕುಮಾರ ಪಾರ್ಕಿಗೆ ಹೋಗಿ ಆದೇಶ ತಂದರು. ಹೋದವರು ವಧುವಿನ ಹೆಸರನ್ನೂ ಹೇಳಿಬರಬಹುದಿತ್ತು. ಆದರೆ ಅದು ಡಬ್ಬದ ಕೆಲಸ. ಇನ್ನೊಬ್ಬರ ಕೆಲಸಕ್ಕೆ ಕೈಹಾಕುವವರಲ್ಲ ಅವರು. ಆದೇಶ ಹೀಗಿತ್ತು: “ಸದರಿ ಡಬ್ಬವು ತನ್ನ ಮೇಲಿನವರನ್ನು ತಡೆಯುವ ಅಧಿಕಾರವನ್ನು ತಾತ್ಕಾಲಿಕವಾಗಿಯೂ ವಿನಯಪೂರ್ವಕವಾಗಿಯೂ ಚಲಾಯಿಸತಕ್ಕದ್ದು. ಪ್ರೊಫೈಲ್‌ನಲ್ಲಿ ಉಳಿಸಕೂಡದು.”

“ಯಾಕ್ ಸರ್ ಉಳಿಸಬಾರ್ದು?” ಎಂದಳು ಹರ್ಷಿತಾ.

“ಉಳಿಸಿದ್ರೆ ಖಾಯಂ ಆಗ್ಬಿಡುತ್ತಮ್ಮಾ. ನಾಳೆ ಬಡ್ತಿ ಕೇಳುತ್ತೆ.”

ಹರ್ಷಿತಾ ಹಣೆ ಚಚ್ಚಿಕೊಂಡು ಆನ್ ಮಾಡಿದಳು. ಅರ್ಜಿಯನ್ನು ಮತ್ತೆ ಕಳಿಸಿದೆವು. ಡಬ್ಬ ತಡಿ ಅಂದಿತು, ಕಂಪ್ಯೂಟರ್ ತಡೆಯಿತು, ವಧು ಪೂರ್ತಿಯಾಗಿ ದಾಟಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮಂಜೂರಾತಿಯೂ ಬಂತು: ವರ ಹಳೆಯ ಸೆಟ್ಟಿಂಗ್‌ನಲ್ಲಿ ಬಂದವನಾದ್ದರಿಂದ ಖಾಯಂ, ವಧು ತಾತ್ಕಾಲಿಕ ಸೆಟ್ಟಿಂಗ್‌ನಲ್ಲಿ ಬಂದವಳಾದ್ದರಿಂದ ತಾತ್ಕಾಲಿಕ. ಮದುವೆ ಅಂದೇ ಜೋರಾಗಿ ನಡೆಯಿತು. ಹೋಳಿಗೆ ಚೆನ್ನಾಗಿತ್ತು.

ಸಂಜೆ ಮರಿಯಣ್ಣ ಎಂದಿನಂತೆ ಮೇನ್ ಸ್ವಿಚ್ ಆರಿಸಿದ. ಡಬ್ಬದ ಸೆಟ್ಟಿಂಗ್ ಅಳಿಸಿಹೋಯಿತು, ಅದರೊಂದಿಗೆ ವಧುವಿನ ಮಂಜೂರಾತಿಯೂ.

“ಅಯ್ಯೋ ರಾಮ! ಹಾಗಾದ್ರೆ ಈಗ ಇವಳು ಯಾರ್ರೀ?” ಎಂದು ಆಂಡಾಳಮ್ಮ ಕೂಗಿದರು.

“ಹಳೇ ಪ್ರೊಫೈಲ್ ಪ್ರಕಾರ ನಿಮ್ಮ ಮಗಳು. ಮನೆಗೆ ಕರ್ಕೊಂಡ್ ಹೋಗಿ,” ಎಂದರು ಶ್ರೀಧರ್.

ಅಂದಿನಿಂದ ದಿನಾ ಬೆಳಿಗ್ಗೆ ಹರ್ಷಿತಾ ಬಂದು ಡಬ್ಬ ಸರಿಮಾಡಿದ ಮೇಲೆ ಆರಾಧನಾ ಹೆಂಡತಿಯಾಗುತ್ತಾಳೆ. ಸ್ವಿಚ್ ಆರಿದ ಮೇಲೆ ಬಸವನಗುಡಿಯ ತವರಿಗೆ ಹೋಗುತ್ತಾಳೆ. ಮೊದಮೊದಲು ನಮ್ಮನ್ನೆಲ್ಲ ಚೆನ್ನಾಗಿ ಬೈದಳು. ಆಮೇಲೆ ಒಂದು ದಿನ ತಾನಾಗಿಯೇ ಹೇಳಿದಳು: “ರಾತ್ರಿ ಅಮ್ಮನ ಕೈಯಡುಗೆ. ಹಗಲು ಆಡಿದ ಜಗಳ ಸಂಜೆಗೆ ರದ್ದು. ಹೀಗೇ ಇರ್ಲಿ ಬಿಡಿ ಸರ್.” ವಸಿಷ್ಠ ಮಾತ್ರ ಖಾಯಂ ಆದ್ದರಿಂದ ಅವನಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

ಸುದ್ದಿ ಹಬ್ಬಿ ಈಗ ನಮ್ಮ ಬಾಗಿಲಲ್ಲಿ ಬೆಳಗಾದರೆ ಸಾಲು. ಎಲ್ಲರೂ ಮದುವೆಯಾಗಿ ಬಹಳ ವರ್ಷವಾದ ಗೃಹಿಣಿಯರು. ಖಾಯಂನಿಂದ ತಾತ್ಕಾಲಿಕಕ್ಕೆ ಬದಲಿಸಿಕೊಡಿ ಎಂಬುದು ಅವರ ಕೋರಿಕೆ. ಸಾಲಿನಲ್ಲಿ ಮೊದಲು ನಿಂತಿದ್ದವರು ನಾರಾಯಣಮ್ಮನವರು, ಅಂದರೆ ಶ್ರೀಧರ್ ಅವರ ಧರ್ಮಪತ್ನಿ.

ಶ್ರೀಧರ್ ಒಮ್ಮೆ ತಲೆಯೆತ್ತಿ ನೋಡಿದರು. “ನಿಯಮದಲ್ಲಿ ಅವಕಾಶವಿದೆ,” ಎಂದು ಸಹಿ ಹಾಕಿದರು.