ಮೊಮ್ಮಗಳು ಮಾಡಿದ ರಕ್ತವೇ ಬೇಕು

ನನ್ನ ಕೆಲಸ ಏನೂಂತ ನೆಂಟರಿಗೆ ಹೇಳೋಕೆ ಹೋದಾಗೆಲ್ಲ ಏನಾದ್ರೊಂದು ಎಡವಟ್ಟು ಆಗೇ ಆಗುತ್ತೆ. ತುಮಕೂರಿನ ಲ್ಯಾಬೊಂದರಲ್ಲಿ ನಾವು ಕೃತಕ ಕೆಂಪು ರಕ್ತಕಣ ಮಾಡೋ ಪ್ರಯತ್ನದಲ್ಲಿದೀವಿ. ಮೈಯೆಲ್ಲ ಆಕ್ಸಿಜನ್ ಹೊತ್ತು ತಿರುಗೋದು ಅದರ ಕೆಲಸ. ಇನ್ನೂ ಟ್ಯೂಬು ಬಿಟ್ಟು ಈಚೆಗೆ ಬಂದಿಲ್ಲ. ಅಷ್ಟರಲ್ಲಿ ಅಮೃತೂರಿನ ನಮ್ಮಜ್ಜಿ ಕೊಟ್ಟಿಗೇಲಿ ಜಾರಿ, ಸೊಂಟ ಮುರ್ಕೊಂಡು ಇಲ್ಲಿನ ಆಸ್ಪತ್ರೆ ಸೇರಿದ್ಲು. ಮೈಯಲ್ಲಿ ರಕ್ತ ಕಮ್ಮಿ, ಹಾಕದೆ ಆಪರೇಷನ್ ಮಾಡಲ್ಲ ಅಂದ್ರು ಡಾಕ್ಟ್ರು. ಗುರುತು ಪರಿಚಯ ಇಲ್ಲದೋರ ರಕ್ತ ಬೇಡ, ಮೊಮ್ಮಗಳು ಮಾಡಿದ್ದೇ ಹಾಕ್ಲಿ ಅಂತ ಅಜ್ಜಿ ಹಟ ಹಿಡಿದು ಮಲಗಿಬಿಟ್ಲು. ತಡವಾದಷ್ಟೂ ಅಪಾಯ.

೧. ಕಣ

ಅಜ್ಜಿಗೆ ತಿಳಿಸಿ ಹೇಳಿ ಅಂತ ದೊಡ್ಡಪ್ಪನ್ನ ಪಕ್ಕಕ್ಕೆ ಕರೆದೆ. ನಾವು ಮಾಡೋ ಕಣ ಇನ್ನೂ ಸರಿಯಾಗಿ ನಿಂತಿಲ್ಲ, ಮೇಲಿನ ಪದರ ಬೇಗ ಒಡೀತಿದೆ ಅಂದೆ. ಅವರು ರಾಗಿ ಒಕ್ಕೋ ಮನುಷ್ಯ. ಕಣ ಅಂದ್ರೆ ಅವರಿಗೆ ಗೊತ್ತಿರೋದು ಒಂದೇ.

"ಸಗಣಿ ಸಾಲ್ದು ಕಣವ್ವ," ಅಂದ್ರು. "ಇನ್ನೊಂದ್ಸಲ ಮಂದವಾಗಿ ಸಾರ್ಸಿ. ಆಗ್ಲಿಲ್ವಾ, ಬುಡು, ನಮ್ಮಂಗೆ ಟಾರ್ ರೋಡಿಗೇ ಹಾಕ್ಬುಡಿ."

೨. ಗುಂಪು

ಆಮೇಲೆ ಅಜ್ಜೀನ ನೋಡೋಕೆ ಗುಬ್ಬಿ ಮಾವ ಬಂದ್ರು. ಪಂಚಾಯ್ತಿ ಮೆಂಬರು, ನಾಲ್ಕು ಜನಾನ ಒಪ್ಪಿಸಿ ಗೊತ್ತಿರೋರು. ಅಜ್ಜಿ ಗುಂಪಿನ ರಕ್ತ ಬ್ಲಡ್ ಬ್ಯಾಂಕಲ್ಲೇ ಇದೆ, ಒಂದು ಮಾತು ಹೇಳಿ ಅಂದೆ. ಸುಮ್ಮನಿರದೆ, ನಾಳೆ ನಮ್ಮದು ಗೆದ್ರೆ ಗುಂಪು ನೋಡೋ ಹಾಗೇ ಇರಲ್ಲ, ಎಲ್ಲರಿಗೂ ಒಂದೇ ಅಂತ ಜಂಬಾನೂ ಕೊಚ್ಚಿಕೊಂಡೆ. ಮಾವ ಅಜ್ಜೀನ ಮರೆತು ಯೋಚನೆಗೆ ಬಿದ್ರು.

"ಲ್ಯಾಬಲ್ಲಿ ನಡೀಬಹುದು ಕಣಮ್ಮ," ಅಂದ್ರು. "ನಮ್ಮೂರಲ್ಲಿ ಗುಂಪಿಲ್ಲದ್ದು ಗೆಲ್ಲೋದು ಕಷ್ಟ."

೩. ಎರವಲು

ಕೊನೆಗೆ ನಾನೇ ಅಜ್ಜಿ ಪಕ್ಕ ಕೂತೆ. ಸಕ್ಕರೆ ಮುಗಿದ್ರೆ ಪಕ್ಕದ ಮನೆಯಿಂದ ಒಂದು ಲೋಟ ತರಲ್ವಾ, ಇದೂ ಹಂಗೇ ಅನ್ಕೋ ಅಂದೆ. ಅವಳ ಬಿಳಿಚಿದ ಮುಖ ನೋಡಿ ಅಳು ಬಂತು. ಅಜ್ಜಿಗೆ ನಾನು ಅತ್ತರೆ ತಡ್ಕೊಳ್ಳೋಕಾಗಲ್ಲ. ಹಾಕ್ಲಿ ಬುಡು ಅಂತ ತೋಳು ಚಾಚಿದ್ಲು. ರಕ್ತ ಹಾಕಿದ್ರು, ಆಪರೇಷನ್ನೂ ಚೆನ್ನಾಗಾಯ್ತು.

ಈಗ ಇಲ್ಲೇ ತುಮಕೂರಲ್ಲಿ, ಶೆಟ್ಟಿಹಳ್ಳಿಯ ನಮ್ಮ ಮನೇಲಿ ವಾಕರ್ ಹಿಡ್ಕೊಂಡು ಓಡಾಡ್ತಾಳೆ. ನಾನು ಲ್ಯಾಬಿಂದ ಬಂದ ತಕ್ಷಣ ದಿನಾ ಒಂದೇ ಪ್ರಶ್ನೆ, ನಿಂದು ಎಲ್ಲಿಗೆ ಬಂತು ಅಂತ. ಇನ್ನೂ ಎಷ್ಟೋ ವರ್ಷ ಬೇಕಜ್ಜಿ, ನೀನು ಚೆನ್ನಾಗಿದೀಯಲ್ಲ, ಈಗೇನು ಆತುರ ಅಂದೆ ಒಂದಿನ.

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ್ಲು.

"ನಂಗೇನಾಗೈತೆ, ಗುಂಡುಕಲ್ಲಂಗಿದೀನಿ. ಕೊಟ್ಟೋರು ವಾಪಸ್ ಕೇಳ್ಕಂಡು ಬಂದ್ರೆ ಏನೇ ಕೊಟ್ಟು ಕಳ್ಸಾನ?"