ದಯವಿಟ್ಟು ಎಲೆ ಮಡಚಬೇಡಿ

ನಮ್ಮ ಸೋದರಮಾವನಿಗೆ ಒಂದು ಕೆಟ್ಟ ಚಾಳಿ. ಕುಡಿತವಲ್ಲ, ಇಸ್ಪೀಟಲ್ಲ. ಊರವರ ಎಂಜಲೆಲೆ ಇಣುಕಿ ನೋಡುವುದು!

ಮಾವ ಮದುವೆ ಮನೆಗಳಿಗೆ ಅಡುಗೆ ಮಾಡುವವರು. ತೊಂಬತ್ತರ ದಶಕದಲ್ಲಿ ಬಸವನಗುಡಿ, ಚಾಮರಾಜಪೇಟೆಯ ಛತ್ರಗಳಲ್ಲಿ ಉಂಡಿದ್ದರೆ ನೀವೂ ಅವರ ಹುಳಿ ತಿಂದಿರುತ್ತೀರಿ. ಊಟಕ್ಕೆ ಬಡಿಸಿಯಾದ ಮೇಲೆ ಬೇರೆ ಅಡುಗೆಯವರು ಏನು ಮಾಡುತ್ತಾರೆ? ಒಲೆಯ ಪಕ್ಕ ಕೂತು ಒಂದು ಲೋಟ ಕಾಫಿ ಕುಡಿಯುತ್ತಾರೆ. ನಮ್ಮ ಮಾವ ಕೂರುವ ಆಸಾಮಿಯೇ ಅಲ್ಲ. ಮಜ್ಜಿಗೆ ಬರುವ ಹೊತ್ತಿಗೆ ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೊಂದು ನೋಟ್‌ಬುಕ್ಕು, ಕಿವಿಗೊಂದು ಪೆನ್ಸಿಲ್ಲು ಸಿಕ್ಕಿಸಿಕೊಂಡು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಓಡಾಟ ಶುರು.

“ಎಲೆ ಮಡಚ್ಬೇಡಿ ಸಾರ್! ಅಮ್ಮಾ, ತಾವೂ ಅಷ್ಟೇ, ಹಂಗೇ ಬಿಟ್ಟೇಳಿ!”

ಉಂಡಾದ ಮೇಲೆ ಎಲೆ ಮಡಚುವುದು ಮರ್ಯಾದೆ ಅಂತ ನಾವೆಲ್ಲ ತಿಳಿದಿದ್ದೆವು. ಮಾವನ ಪ್ರಕಾರ ಅದು ಸಾಕ್ಷ್ಯ ನಾಶ!

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ರೇಗಿಬಿಟ್ಟರು. “ಎಂಜಲೆಲೇಲಿ ಏನ್ರೀ ನೋಡ್ತೀರಿ?”

“ಬದನೇಕಾಯಿ ಪಲ್ಯ ಹಂಗೇ ಬಿಟ್ಟಿದೀರಲ್ಲ ಸಾರ್. ಉಪ್ಪು ಜಾಸ್ತಿ ಆಯ್ತಾ, ಎಣ್ಣೆ ಜಾಸ್ತಿ ಆಯ್ತಾ?”

“ನಂಗೆ ಬದನೇಕಾಯಿ ತಿಂದ್ರೆ ಮೈಯೆಲ್ಲಾ ತುರ್ಕೆ ಕಣ್ರೀ!”

ಮಾವ ಸಮಾಧಾನವಾಗಿ ಬರೆದುಕೊಂಡರು. ಆ ನೋಟ್‌ಬುಕ್ಕಿನಲ್ಲಿ ಪ್ರತಿ ಊಟಕ್ಕೂ ಮೂರೇ ಸಾಲು. ಉಳಿದದ್ದು: ಬದನೇಕಾಯಿ. ಯಾಕೆ: ತುರಿಕೆ. ಮುಂದಿನ ಸಲ: ಪಕ್ಕದಲ್ಲಿ ಹುರುಳೀಕಾಯಿಯೂ ಇರಲಿ.

ಅವರ ಆಸೆ ಒಂದೇ, ಗೆದ್ದ ಎಲೆ. ಅಂದರೆ ಕರಿಬೇವು ಬಿಟ್ಟು ಬೇರೇನೂ ಉಳಿಯದ ಎಲೆ. “ಕರಿಬೇವನ್ನ ಯಾರೂ ತಿನ್ನಲ್ಲ, ಅದು ನನ್ನ ತಪ್ಪಲ್ಲ” ಎಂಬ ರಿಯಾಯಿತಿಯನ್ನು ತಮಗೆ ತಾವೇ ಕೊಟ್ಟುಕೊಂಡಿದ್ದರು.

ಚಾಮರಾಜಪೇಟೆಯ ಒಂದು ಮದುವೆಯಲ್ಲಿ ಇಡೀ ಪಂಕ್ತಿಯೇ ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದಿತು. ಮಾವನಿಗೆ ಜೀವ ಹೋದಷ್ಟಾಯಿತು. ಪಾತ್ರೆಯಲ್ಲಿ ಉಳಿದ ಹೋಳಿಗೆಯನ್ನು ತಾವೇ ನಾಲ್ಕು ತಿಂದು ನೋಡಿದರು. ಹೂರಣ ಸರಿಯಿದೆ, ಕಣಕ ಸರಿಯಿದೆ. ಮಾರನೆಯ ದಿನ ಸೈಕಲ್ ಹತ್ತಿ ಗಂಡಿನ ಕಡೆಯವರ ಮನೆಮನೆಗೂ ಹೋಗಿ ವಿಚಾರಿಸಿದರು. ಮೂರನೇ ಮನೆಯ ಅಜ್ಜಿ ಕೊನೆಗೆ ಬಾಯಿಬಿಟ್ಟರು: “ಹೋಳಿಗೆಗೇನಪ್ಪ, ಬೆಣ್ಣೆ ಹಾಗಿತ್ತು. ದಿಬ್ಬಣದ ಬಸ್ಸಿನವನು ಹಾರನ್ ಹೊಡೀತಿದ್ದ!” ಅಂದಿನಿಂದ ಮಾವ ಮುಹೂರ್ತ ಕೇಳುವ ಮೊದಲು ಬಸ್ಸು ಎಷ್ಟು ಗಂಟೆಗೆ ಅಂತ ಕೇಳತೊಡಗಿದರು.

ಆಗ ನಾನು ಮಲ್ಲೇಶ್ವರಂನ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ ವಿಜ್ಞಾನದ ಟೀಚರು. ನಮಗೊಂದು ತರಬೇತಿ ಕೊಟ್ಟರು. ಮಾಡಿದ ಕೆಲಸವನ್ನು ತಿರುಗಿ ನೋಡಬೇಕು, ತಪ್ಪಿನಿಂದ ಕಲಿಯಬೇಕು ಅಂತ ಮೂರು ದಿನ ಬಣ್ಣಬಣ್ಣದ ಚಾರ್ಟು ತೋರಿಸಿದರು. ಎನ್.ಆರ್. ಕಾಲೋನಿಯ ಮಾವನ ಮನೆಗೆ ಹೋಗಿ ಅವರ ಮುಂದೆ ಜಂಬ ಕೊಚ್ಚಿದೆ.

“ಪಾಠ ಬಡಿಸ್ತೀಯಾ ಸರಿ ಪುಟ್ಟಿ, ಎಲೆ ನೋಡ್ತೀಯಾ?”

“ಕ್ಲಾಸಲ್ಲಿ ಎಲ್ಲಿಂದ ಎಲೆ ಬರತ್ತೆ ಮಾವ?”

“ಮಕ್ಕಳ ನೋಟ್ಸಿನ ಕೊನೇ ಪುಟ ನೋಡು.”

ನೋಡಿದೆ. ಯಾಕಾದರೂ ನೋಡಿದೆನೋ! ಹಿಂದಿನ ಬೆಂಚಿನ ಹುಡುಗಿ ಒಂದು ಪಾಠದಲ್ಲಿ ನಾನು ಎಷ್ಟು ಸಲ “ಗೊತ್ತಾಯ್ತಾ” ಅಂದೆ ಅಂತ ಗೆರೆ ಎಳೆದು ಇಟ್ಟಿದ್ದಳು. ಅರವತ್ತನಾಲ್ಕು! ಕೆಳಗೆ ಇನ್ನೊಬ್ಬಳ ಕೈಬರಹ: “ಇಲ್ಲ.” ಸಂಪಿಗೆ ರಸ್ತೆಯುದ್ದಕ್ಕೂ ಅವಮಾನದಿಂದ ಕುದಿಯುತ್ತ ನಡೆದೆ. ಆದರೆ ಮಾರನೆಯ ದಿನ ಆ ಪಾಠವನ್ನು ಮೊದಲಿಂದ ಮಾಡಿದೆ.

ಮನೆಯಲ್ಲೂ ಅಡುಗೆ ಮಾವನದೇ. ಅಲ್ಲೂ ತಟ್ಟೆ ಇಡಗೊಡುತ್ತಿರಲಿಲ್ಲ, ಎಲೆಯೇ ಆಗಬೇಕು. ಅತ್ತೆ ನಮಗೆಲ್ಲ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಉಣ್ಣುತ್ತಿದ್ದರು. ಒಂದು ದಿನ ಕರೆದರು: “ರೀ, ಬನ್ನಿ ಇಲ್ಲಿ. ಕರಿಬೇವು ಬಿಟ್ರೆ ಏನಾದ್ರೂ ಇದ್ಯಾ? ಗೆದ್ದ ಎಲೆ ತಾನೇ?”

“ನಿನ್ನ ಎಲೆ ಲೆಕ್ಕಕ್ಕಿಲ್ಲ ಕಣೇ. ಏನು ಹಾಕಿದ್ರೂ ತಿಂತೀಯ.”

ಅತ್ತೆ ನಕ್ಕರು. ನನಗೆ ಮಾತ್ರ ಮಾವನ ಮೇಲೆ ಸಿಟ್ಟು ಬಂತು.

ಒಂದೆರಡು ವರ್ಷ ಕಳೆದು ಅತ್ತೆಗೆ ದೊಡ್ಡದೊಂದು ಆಪರೇಷನ್ ಆಯಿತು. ಬಾಯಿರುಚಿ ಪೂರ್ತಿ ಹೋಯಿತು. “ಊಟ ಸೇರಬೇಕು, ಇಲ್ಲದಿದ್ದರೆ ಚೇತರಿಸಿಕೊಳ್ಳೋದು ಕಷ್ಟ” ಅಂದರು ಡಾಕ್ಟರು. ಮಾವ ಒಪ್ಪಿಕೊಂಡ ಮದುವೆಗಳನ್ನೆಲ್ಲ ಬೇರೆಯವರಿಗೆ ವಹಿಸಿದರು. ಬೇಸಿಗೆ ರಜೆಯಲ್ಲಿ ನಾನೂ ಅಲ್ಲೇ ಉಳಿದೆ. ದಿನವೂ ಅತ್ತೆಯ ಕೋಣೆಗೆ ಎಲೆ ಹೋಗುತ್ತಿತ್ತು, ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಮಾವ ಹೊರಗೆ ಶತಪಥ ಹಾಕುತ್ತಿದ್ದರು. ಮೆಣಸು ಕಮ್ಮಿ ಮಾಡಿದರು, ಹುಳಿ ಬದಲಾಯಿಸಿದರು, ಅಕ್ಕಿ ಬದಲಾಯಿಸಿದರು. ಏನು ಕೇಳಿದರೂ ಅತ್ತೆಯದು ಒಂದೇ ಉತ್ತರ: “ಎಲ್ಲಾ ಚೆನ್ನಾಗೇ ಇದೆ ರೀ.”

ಹನ್ನೆರಡನೇ ದಿನ ಎಲೆ ಖಾಲಿಯಾಗಿ ಬಂತು! “ಮಾವ, ಗೆದ್ದ ಎಲೆ!” ಅಂತ ಕೂಗಿದೆ. ಮಾವ ಎಲೆಯನ್ನು ಬೆಳಕಿಗೆ ಹಿಡಿದರು. ಅಂಟಿದ್ದ ಸಾರಿನ ಕಲೆಯಲ್ಲಿ ಬೆರಳಾಡಿದ ಗುರುತಿಲ್ಲ. ಕರಿಬೇವೂ ಇಲ್ಲ. ಅತ್ತೆಯ ಕೋಣೆಯ ಕಿಟಕಿಯ ಹೊರಗೆ ಕಾಗೆಗಳ ಗಲಾಟೆ ಕೇಳುತ್ತಿತ್ತು.

ಊರಿನಲ್ಲಿ ಯಾರಿಗೂ ಎಲೆ ಮಡಚಗೊಡದ ಮನುಷ್ಯ ಆ ಎಲೆಯನ್ನು ತಮ್ಮ ಕೈಯಾರೆ ಮೆಲ್ಲಗೆ ಮಡಚಿ ಆಚೆ ಹಾಕಿ ಬಂದರು. ನನಗೆ ಅಳು ಬಂತು. ಆಮೇಲೆ ನೋಟ್‌ಬುಕ್ಕು ತೆರೆದು ನೋಡಿದೆ. ಉಳಿದದ್ದು: ಎಲ್ಲಾ. ಯಾಕೆ: ಮೂವತ್ತು ವರ್ಷದಿಂದ ಒಬ್ಬಳೇ ಕೂತು ಉಂಡಳು. ಮುಂದಿನ ಸಲ: ಎರಡು ಎಲೆ.

ಮಾರನೆಯ ದಿನ ಮಾವ ಅತ್ತೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ಅವರು ನೆಟ್ಟಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

“ಸಾರಿಗೆ ಉಪ್ಪು ಕಮ್ಮಿ ರೀ.”

ಮಾವನ ಕೈ ಸೊಂಟದ ಪುಸ್ತಕಕ್ಕೆ ಹೋಯಿತು.

“ಕೂತ್ಕೊಳ್ರೀ ಸುಮ್ನೆ! ಬರ್ಯೋದು ಆಮೇಲೆ.”

ಮಾವ ಕೂತರು. ಅತ್ತೆ ಉಪ್ಪು ಬಡಿಸಿಕೊಂಡು, ಒಂದೊಂದೇ ತುತ್ತು, ಬಹಳ ಹೊತ್ತು ಉಂಡರು. ಎಲೆಯ ಅಂಚಿನಲ್ಲಿ ಮೂರು ಎಸಳು ಕರಿಬೇವು ಉಳಿಯಿತು. ಅತ್ತೆ ಎಲೆಯ ತುದಿಗೆ ಕೈ ಹಾಕಿದರು.

“ಮಡಚ್ಬೇಡ ಕಣೇ,” ಅಂದರು ಮಾವ. “ಒಂಚೂರು ನೋಡ್ಕೋತೀನಿ.”